ಓಣಿಗೆಲ್ಲ ಒಂದೇ ವಿಳಾಸ

ಮೂಡಲಗಿಯಲ್ಲಿ ನನ್ನನ್ನು ಇವತ್ತಿಗೂ ಕೇಬಲ್‌ನವರು ಎಂದೇ ಕರೆಯುತ್ತಾರೆ. ಟಿವಿಗೆ ಕೇಬಲ್ ಎಳೆಯುವುದನ್ನು ಬಿಟ್ಟು ಮನೆಮನೆಗೆ ಇಂಟರ್ನೆಟ್ ಕೊಡಲು ಶುರು ಮಾಡಿ ವರ್ಷಗಳೇ ಕಳೆದವು. ಆದರೂ ನೆಟ್ ನಿಂತಾಗ ಜನ ಫೋನ್ ಮಾಡಿ, "ಕೇಬಲ್ ಹೋಗೈತಿ ನೋಡ್ರಿ" ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಲ್ಲದಕ್ಕೂ ಸಿಟ್ಟಾದರೆ ಈ ಧಂದೆ ನಡೆಯುವುದಿಲ್ಲ.

ನಮ್ಮ ದೊಡ್ಡ ಲೈನು ಗೋಕಾಕದಿಂದ ಬರುತ್ತದೆ. ಕಬ್ಬಿನ ಹೊಲಗಳ ಬದಿಯ ಕಂಬ ಹಿಡಿದು ಬರುವ ಆ ತಂತಿಯನ್ನು ಕಬ್ಬು ಕಡಿಯುವ ಹಂಗಾಮಿನಲ್ಲಿ ಯಾವುದಾದರೂ ಟ್ರ್ಯಾಕ್ಟರ್ ಹರಿದುಕೊಂಡು ಹೋಗಿಯೇ ಹೋಗುತ್ತದೆ. ಅದನ್ನು ಜೋಡಿಸುವುದು ನನಗೆ ಕಷ್ಟವಲ್ಲ. ತಂತಿ ಹರಿದರೆ ಕಣ್ಣಿಗೆ ಕಾಣುತ್ತದೆ. ಕಷ್ಟವಾಗಿದ್ದು ಕಣ್ಣಿಗೆ ಕಾಣದ ವಿಳಾಸಗಳದು.

ಇಂಟರ್ನೆಟ್‌ಗೆ ಬರುವ ಪ್ರತಿಯೊಂದಕ್ಕೂ ಅಂಕಿಗಳ ಒಂದು ವಿಳಾಸ ಬೇಕು. ಹಳೆಯ ಪದ್ಧತಿಯ ವಿಳಾಸಗಳು ಚಿಕ್ಕವು, ಜಗತ್ತಿಗೆ ಸಾಲದಷ್ಟು ಕಡಿಮೆ. ಅವು ಮುಗಿದುಹೋಗಿವೆ. ಹೊಸ ಪದ್ಧತಿಯವು ಉದ್ದ, ಎಷ್ಟು ಹಂಚಿದರೂ ತೀರುವುದಿಲ್ಲ. ಹಳೆಯದಕ್ಕೆ ನಾಲ್ಕನೆಯದು, ಹೊಸದಕ್ಕೆ ಆರನೆಯದು ಎಂದು ಹೆಸರು. ಐದನೆಯದು ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಬೇಡಿ, ನನಗೂ ಯಾರೂ ಸರಿಯಾಗಿ ಹೇಳಿಲ್ಲ. ತೊಂದರೆ ಏನೆಂದರೆ ಹಳೆಯದರ ಮಾತು ಹೊಸದಕ್ಕೆ ತಿಳಿಯುವುದಿಲ್ಲ, ಹೊಸದರದು ಹಳೆಯದಕ್ಕೆ ತಿಳಿಯುವುದಿಲ್ಲ. ಜಗತ್ತೆಲ್ಲ ಒಂದೇ ದಿನ ಬದಲಾಗುವುದಿಲ್ಲವಲ್ಲ. ಹಾಗಾಗಿ ನಮ್ಮಂಥವರು ಎರಡನ್ನೂ ಒಟ್ಟಿಗೆ ಬಾಳಿಸಬೇಕು.

ನಾನು ಮಾಡಿದ್ದು ಹೀಗೆ. ಪ್ರತಿ ಮನೆಗೂ ಅದರದೇ ಆದ ಒಂದು ಹೊಸ ವಿಳಾಸ ಕೊಟ್ಟೆ. ಹಳೆಯವು ನನ್ನ ಬಳಿ ಬೆರಳೆಣಿಕೆಯಷ್ಟೇ ಇದ್ದವು, ಹಾಗಾಗಿ ಒಂದೊಂದು ಓಣಿಗೆ ಒಂದೊಂದನ್ನು ಹಂಚಿದೆ. ಹಿಂದೆ ಓಣಿಯವರ ಪತ್ರಗಳೆಲ್ಲ ಕಿರಾಣಿ ಅಂಗಡಿಯ ಕೇರ್ ಆಫ್‌ಗೆ ಬರುತ್ತಿದ್ದವಲ್ಲ, ಹಾಗೆ. ನೀವು ನೋಡಹೊರಟ ವೆಬ್‌ಸೈಟಿಗೆ ಹೊಸ ಪದ್ಧತಿ ಗೊತ್ತಿದ್ದರೆ ನಿಮ್ಮ ಮನೆಯ ಸ್ವಂತ ವಿಳಾಸದಿಂದಲೇ ಹೋಗುತ್ತೀರಿ. ಅದಕ್ಕೆ ಹಳೆಯದಷ್ಟೇ ಗೊತ್ತಿದ್ದರೆ ನನ್ನ ಆಫೀಸಿನ ಯಂತ್ರ ನಿಮ್ಮ ಮನೆಯ ಗುರುತನ್ನು ತೆಗೆದು ಓಣಿಯ ಹಳೆಯ ವಿಳಾಸವನ್ನು ಹಚ್ಚಿ ಕಳಿಸುತ್ತದೆ. ಆಚೆಯವರಿಗೆ ಓಣಿ ಪೂರ್ತಿ ಒಂದೇ ಮನೆಯಂತೆ ಕಾಣುತ್ತದೆ. ಹೋಗುವಾಗ ಯಂತ್ರ ಪ್ರತಿಯೊಬ್ಬರಿಗೂ ಒಂದು ಕಿಂಡಿಯ ನಂಬರನ್ನೂ ಕೊಡುತ್ತದೆ. ವಿಳಾಸ, ಹೊತ್ತು, ಕಿಂಡಿ, ಈ ಮೂರನ್ನೂ ಆಚೆಯವರು ಬರೆದಿಟ್ಟರೆ ಯಾರ ಮನೆ ಎಂದು ಹೇಳಬಹುದು. ಕಿಂಡಿಯ ನಂಬರು ಬಿಟ್ಟರೆ ಬ್ರಹ್ಮ ಬಂದರೂ ಹೇಳಲಾರ.

ಈ ಎರಡು ಪದ್ಧತಿಗಳೂ ನಡೆಯಬೇಕಾದರೆ ಮನೆಯಲ್ಲಿ ಹೊಸ ಡಬ್ಬಿ, ಅಂದರೆ ಹೊಸ ರೂಟರ್, ಬೇಕು. ನಮ್ಮ ಓಣಿಯಲ್ಲಿ ನಾನೇ ಮನೆಮನೆಗೆ ಹೋಗಿ ಹಳೆಯ ಡಬ್ಬಿ ಬಿಚ್ಚಿ ಹೊಸದನ್ನು ಕೂರಿಸಿದೆ. ಬೇಡ ಎಂದವರು ಒಬ್ಬರೇ, ಟೇಲರ್ ಕಾಕಾ.

ಕಾಕಾ ನನ್ನ ಸಂಬಂಧಿಯಲ್ಲ. ಓಣಿಯಲ್ಲಿ ತಲೆಮಾರುಗಳಿಂದ ಇರುವ ಮುಸಲ್ಮಾನರ ಮನೆ ಅವರದು. ಅವರ ತಂದೆಯೂ ಹೊಲಿಗೆಯವರೇ. ನಾನು ಕೇಬಲ್ ಶುರು ಮಾಡಿದಾಗ ಡಿಶ್ ನಿಲ್ಲಿಸಲು ಯಾರೂ ಜಾಗ ಕೊಡಲಿಲ್ಲ, ಮಾಳಿಗೆ ಸೋರುತ್ತದೆ ಎಂದರು. ಕಾಕಾ ತಮ್ಮ ಮಾಳಿಗೆ ತೋರಿಸಿ, "ನಮ್ಮದು ಮದಲ ಸೋರತೈತಿ, ನಿಂದೂ ಒಂದ ಇರಲಿ" ಎಂದಿದ್ದರು. ನನ್ನ ಮನೆಯ ಅನ್ನಕ್ಕೆ ಬುನಾದಿ ಆ ಮಾಳಿಗೆ.

ಅವರ ಹೊಲಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಹೆಂಗಸರು ಟೇಲರ್ ಮುಂದೆ ನಿಂತು ಅಳತೆ ಕೊಡುವುದಿಲ್ಲ. ಮೈಗೆ ಚೆನ್ನಾಗಿ ಕೂತ ಒಂದು ಹಳೆಯ ಜಂಪರನ್ನು, ಅಂದರೆ ಕುಪ್ಪಸವನ್ನು, ಕೊಟ್ಟುಬಿಡುತ್ತಾರೆ. ಅದಕ್ಕೆ ಅಳತೆ ಜಂಪರ್ ಎನ್ನುವುದು. ಬೇರೆ ಟೇಲರ್‌ಗಳು ಹೊಸದನ್ನು ಹೊಲಿದು ಎರಡನ್ನೂ ಮರಳಿಸುತ್ತಾರೆ. ಕಾಕಾನ ಹತ್ತಿರ ಮಾತ್ರ ಓಣಿಯ ಹೆಂಗಸರು ಅದನ್ನು ವರ್ಷಗಟ್ಟಲೆ ಬಿಟ್ಟಿರುತ್ತಿದ್ದರು. ಬಟ್ಟೆ ಕಳಿಸಿದರಾಯಿತು, ಅಳತೆ ಅಲ್ಲೇ ಇದೆ. ಒಂದು ಮರದ ಕಪಾಟಿನಲ್ಲಿ ಒಂದೊಂದು ಮನೆಯ ಜಂಪರುಗಳನ್ನು ಬೇರೆಬೇರೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಹೆಂಗಸು ತುಸು ಮೈ ತುಂಬಿಕೊಂಡಳೆಂದರೆ ಮನೆಯಿಂದ ಹೇಳಿಕಳಿಸುತ್ತಿದ್ದರು, ಕಾಕಾ ಹೊಲಿಗೆ ಬಿಚ್ಚಿ ಬಿಡುತ್ತಿದ್ದರು. ಆ ಕಪಾಟಿನ ಬಾಗಿಲನ್ನು ಅಂಗಡಿಯಲ್ಲಿ ಗಂಡಸರಿದ್ದಾಗ ಅವರು ತೆರೆದದ್ದನ್ನು ನಾನು ನೋಡಿಲ್ಲ.

ಹೊಸ ಡಬ್ಬಿ ಬೇಡವೆನ್ನಲು ಅವರು ಕೊಟ್ಟ ಕಾರಣ, "ಕೈಗೆ ಹೊಂದಿದ ಕತ್ರಿ ಬದಲಿ ಮಾಡಬಾರದಪಾ ತಮ್ಮಾ." ಸಂಕೇಶ್ವರದಲ್ಲಿರುವ ಮಗಳ ಜೊತೆ ವಿಡಿಯೊದಲ್ಲಿ ಮಾತಾಡಲು, ಜಂಪರಿನ ತೋಳಿನ ಹೊಸ ನಮೂನೆ ನೋಡಲು ಅವರಿಗೆ ಹಳೆಯ ಡಬ್ಬಿಯೇ ಸಾಕಿತ್ತು. ನಾನೂ ಬಿಟ್ಟೆ. ಚಹಾದ ಅಂಗಡಿಯಲ್ಲಿ ಅದೊಂದು ತಮಾಷೆಯ ಮಾತಾಯಿತು. "ಇಡೀ ಓಣ್ಯಾಗ ಹಳೇ ಡಬ್ಬಿ ಉಳದಿದ್ದು ಕಾಕಾಂದೊಂದ" ಎಂದು ಕಂಡಕಂಡವರು ಚುಡಾಯಿಸುತ್ತಿದ್ದರು. ಕಾಕಾ ತಾವೂ ನಗುತ್ತಿದ್ದರು.

ಓಣಿಯ ತುದಿಯಲ್ಲಿ ಬೆಲ್ಲದ ವ್ಯಾಪಾರಿಯ ಮನೆ, ಮುಂಭಾಗದಲ್ಲೇ ಅಂಗಡಿ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಆಡುವ ಜೈನರು, ಗೌರವಸ್ಥರು. ಅವರ ಮಗಳಿಗೆ ಹುಕ್ಕೇರಿಯ ಕಡೆ ಸಂಬಂಧ ಗೊತ್ತಾಗಿತ್ತು. ಮದುವೆಯ ಜಂಪರುಗಳೆಲ್ಲ ಕಾಕಾನ ಹತ್ತಿರವೇ ಹೊಲಿಗೆಗೆ ಬಂದಿದ್ದವು. ಅಷ್ಟರಲ್ಲಿ ವಧೂವರರ ಮಾಹಿತಿ ಹಾಕುವ ಒಂದು ಸಣ್ಣ ವೆಬ್‌ಸೈಟಿನಲ್ಲಿ ಆ ಹುಡುಗಿಯ ಫೋಟೊದ ಕೆಳಗೆ ಯಾರೋ ಹೊಲಸು ಬರೆದರು. ಇವಳು ಮೊದಲೇ ಒಬ್ಬನ ಜೊತೆ ಓಡಾಡಿದವಳು ಎಂದು, ಹೇಳಬಾರದ ಮಾತುಗಳಲ್ಲಿ. ಬರೆದವರಿಗೆ ಹೆಸರಿರಲಿಲ್ಲ. ಹುಕ್ಕೇರಿಯವರು ಅದನ್ನು ನೋಡಿದರು, ಒಂದು ಫೋನಿನಲ್ಲಿ ಸಂಬಂಧ ಮುರಿದರು. ಹುಡುಗಿ ಹೊರಗೆ ಬರುವುದನ್ನು ಬಿಟ್ಟಳು. ಆ ಮನೆಯ ಮುಂದೆ ಹಾದುಹೋಗುವಾಗ ನಾನು ಕಿಟಕಿಯತ್ತ ನೋಡದೆ ಬೇಗ ಹೆಜ್ಜೆ ಹಾಕುತ್ತಿದ್ದೆ. ನನಗೂ ಮದುವೆ ವಯಸ್ಸಿನ ಮಗಳಿದ್ದಾಳೆ.

ವ್ಯಾಪಾರಿ ದೂರು ಕೊಟ್ಟರು. ವೆಬ್‌ಸೈಟಿನವರು ಬರೆದವರ ವಿಳಾಸವನ್ನೂ ಹೊತ್ತನ್ನೂ ಕೊಟ್ಟರು. ಅದು ಹಳೆಯ ಪದ್ಧತಿಯ ವಿಳಾಸ, ನಮ್ಮ ಓಣಿಗೆ ನಾನು ಹಂಚಿದ್ದ ಅದೇ ವಿಳಾಸ. ಕಿಂಡಿಯ ನಂಬರನ್ನು ಆ ಪುಣ್ಯಾತ್ಮರು ಬರೆದಿಟ್ಟೇ ಇರಲಿಲ್ಲ.

ಪೊಲೀಸರು ನನ್ನ ಆಫೀಸಿಗೆ ಬಂದಾಗ ಜೊತೆಗೆ ವ್ಯಾಪಾರಿಯೂ ಇದ್ದರು. "ಈ ವಿಳಾಸ ಯಾರ ಮನೀದ್ರಿ?" ಎಂದು ಸಾಹೇಬರು ಕೇಳಿದರು.

"ಒಂದ ಮನೀದಲ್ರಿ ಸಾಹೇಬ್ರ, ಓಣಿ ಪೂರ್ತಿದು" ಎಂದೆ.

"ಒಂದ ವಿಳಾಸ ಓಣಿ ಪೂರ್ತಿದು ಹೆಂಗ ಆಕ್ಕೈತ್ರಿ?"

ಕೇರ್ ಆಫ್ ಕತೆಯನ್ನೆಲ್ಲ ಹೇಳಿದೆ. ಸಾಹೇಬರು ತಾಳ್ಮೆಯಿಂದಲೇ ಕೇಳಿದರು. ಅವರಿಗೆ ಅರ್ಧ ತಿಳಿಯಿತು. ಆ ಅರ್ಧವೇ ಮುಳುವಾಯಿತು. "ಹಂಗಾರ ಇದು ಹಳೇದು ಅಂತಾತು" ಎಂದರು. ಹೌದು, ಹಳೇ ಪದ್ಧತಿದು, ಎಂದೆ.

ವ್ಯಾಪಾರಿ ಕುರ್ಚಿಯಿಂದ ಮುಂದಕ್ಕೆ ಸರಿದರು. "ಓಣ್ಯಾಗ ಎಲ್ಲಾರ ಮನ್ಯಾಗೂ ಹೊಸಾದು ಹಾಕೀರಿ. ಹಳೇದು ಇರೂದು ಟೇಲರ್ ಮನ್ಯಾಗ ಒಂದ. ಖರೆ ಹೌದಲ್ರಿ?"

ಖರೆ ಹೌದು, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎಂದು ನಾನು ಹೇಳಿದ ಎರಡನೆಯ ಭಾಗ ಅವರ ಕಿವಿಗೆ ಹೋಗಲೇ ಇಲ್ಲ. ಹೊಸ ಡಬ್ಬಿಯ ಮನೆಗೂ ಹಳೆಯ ದಾರಿ ಇದ್ದೇ ಇರುತ್ತದೆ, ಆ ವೆಬ್‌ಸೈಟಿಗೆ ಹೊಸದು ಗೊತ್ತೇ ಇಲ್ಲ, ಅಲ್ಲಿಗೆ ಯಾರೇ ಹೋದರೂ ಹಳೆಯ ವಿಳಾಸವೇ ಬೀಳುತ್ತದೆ, ಎಂದು ದನಿ ಏರಿಸಿ ಹೇಳಿದೆ. ದನಿ ಏರಿಸಿದ್ದರಿಂದ ಇನ್ನೂ ಕೆಟ್ಟಿತು. ಇವರು ಯಾಕೆ ಇಷ್ಟು ಮೈಮೇಲೆ ಹಾಕಿಕೊಳ್ಳುತ್ತಾರೆ ಎಂಬಂತೆ ಇಬ್ಬರೂ ನನ್ನ ಮುಖ ನೋಡಿದರು.

ಕಾಕಾನನ್ನು ಠಾಣೆಗೆ ಕರೆದರು. ಹೊಡೆಯಲಿಲ್ಲ, ಬೈಯಲಿಲ್ಲ, ಕುರ್ಚಿ ಹಾಕಿ ಕೂರಿಸಿದರಂತೆ. ಫೋನ್ ತೆಗೆದು ನೋಡಿದರು. ಮಗಳ ಫೋಟೊ, ಮೊಮ್ಮಕ್ಕಳ ಫೋಟೊ, ಜಂಪರಿನ ತೋಳುಗಳ ಫೋಟೊ. ಬೇರೇನೂ ಸಿಗಲಿಲ್ಲ. ಸಂಜೆ ಮನೆಗೆ ಕಳಿಸಿದರು, ಮತ್ತೆ ಕರೆಯಲಿಲ್ಲ. ಸರಕಾರದ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಓಣಿಯ ಲೆಕ್ಕ ಆಗ ಶುರುವಾಯಿತು.

ಮಂಗ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತು ಎಂದು ಗಾದೆ. ಇಲ್ಲಿ ಮಂಗ ಒರೆಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ಓಣಿಯೇ ಒರೆಸಿಕೊಟ್ಟಿತು. ಹೆಂಗಸರ ಬಟ್ಟೆ ಮುಟ್ಟುವವನು, ಹೆಂಗಸರ ಅಳತೆ ಗೊತ್ತಿರುವವನು, ಎಂದು ಮಾತು ಎದ್ದಿತು. ಎಷ್ಟು ವರ್ಷ ಅದೇ ಕೈ ಈ ಓಣಿಯ ಮದುವೆಗಳನ್ನೆಲ್ಲ ಹೊಲಿದಿತ್ತು. ಅವರ ಜಾತಿಯ ಮಾತನ್ನು ಯಾರೂ ಬಾಯಿಬಿಟ್ಟು ಎತ್ತಲಿಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ.

ಹೇಳಿ ತಿಳಿಸೋಣ, ಕಣ್ಣಾರೆ ತೋರಿಸಿದರೆ ನಂಬುತ್ತಾರೆ, ಎಂದು ನಾನು ವ್ಯಾಪಾರಿಯ ಅಂಗಡಿಗೆ ಹೋದೆ. ಓಣಿಯ ನಾಲ್ಕು ಹಿರಿಯರೂ ಅಲ್ಲಿ ಗಾದಿಯ ಮೇಲೆ ಕೂತಿದ್ದರು. ಬೆಲ್ಲದ ಪೆಂಟೆಗಳ ಸಾಲು, ಅವುಗಳ ಮೇಲೆ ಜೇನುನೊಣ. ವ್ಯಾಪಾರಿಯ ಫೋನನ್ನೇ ಇಸಿದುಕೊಂಡೆ. ಅದು ಅವರ ಮನೆಯ ಹೊಸ ಡಬ್ಬಿಗೆ ಜೋಡಿಸಿದ ಫೋನು. ಹಳೆಯ ಪದ್ಧತಿಯಷ್ಟೇ ಗೊತ್ತಿರುವ, ನೋಡುವವರ ವಿಳಾಸವನ್ನು ತೋರಿಸುವ ಒಂದು ಪುಟ ತೆರೆದೆ. ಠಾಣೆಯ ಕಾಗದದಲ್ಲಿದ್ದ ಅದೇ ಅಂಕಿಗಳು ಅವರ ಫೋನಿನಲ್ಲಿ ಮೂಡಿದವು.

"ನೋಡ್ರಿ" ಎಂದೆ. "ನಿಮ್ಮ ಮನ್ಯಾಗ ಹೊಸಾ ಡಬ್ಬಿ ಐತಿ. ಆದ್ರೂ ಅದ ವಿಳಾಸ ಬಂತು. ನನ್ನ ಮನಿಯಿಂದ ನೋಡಿದ್ರೂ ಇದ ಬರತೈತಿ. ಕಾಕಾಗ ಇದು ಹೆಂಗ ಅಂಟತೈತಿ ಹೇಳ್ರಿ."

ನಾನು ಗೆದ್ದೆ ಎಂದುಕೊಂಡಿದ್ದೆ. ವ್ಯಾಪಾರಿ ಅಂಕಿಗಳನ್ನು ಒಂದೊಂದಾಗಿ ಓದಿದರು. ತಮ್ಮ ಬಳಿಯಿದ್ದ ಠಾಣೆಯ ಕಾಗದದ ಪ್ರತಿಯ ಜೊತೆ ಹೊಂದಿಸಿ ನೋಡಿದರು. ಆಮೇಲೆ ಫೋನನ್ನು ಗಾದಿಯ ಮೇಲೆ ಬೋರಲು ಇಟ್ಟು, ಮೆಲ್ಲನೆಯ ದನಿಯಲ್ಲಿ ಕೇಳಿದರು. "ಅಂದ್ರ, ನನ್ನ ಮಗಳ ಬಗ್ಗೆ ನನ್ನ ಮನ್ಯಾವ್ರ ಬರದಾರ ಅಂತೀರಿ?"

"ಹಂಗಲ್ರಿ ಅಣ್ಣಾರ, ಯಾರು ಬರದಾರ ಅಂತ ಯಾರಿಗೂ ಹೇಳಾಕ ಬರೂದಿಲ್ಲ ಅನ್ನಾಕತ್ತೇನಿ."

"ಯಾರಿಗೂ ಹೇಳಾಕ ಬರೂದಿಲ್ಲ ಅಂದ್ರ ಓಣ್ಯಾಗ ಎಲ್ಲಾರೂ ಕಳ್ಳರಾದ್ರಲ್ರಿ" ಎಂದು ಒಬ್ಬ ಹಿರಿಯರು ಎದ್ದರು. ಅವರ ಹಿಂದೆ ಉಳಿದವರೂ ಎದ್ದರು.

ಆಗ ನನಗೆ ಹೊಳೆಯಿತು. ಅವರಿಗೆ ನಾನು ಹೇಳಿದ್ದು ತಿಳಿಯಲಿಲ್ಲ ಎಂದಲ್ಲ. ಚೆನ್ನಾಗಿಯೇ ತಿಳಿದಿತ್ತು. ತಿಳಿದ ಮೇಲೆ ಪ್ರತಿಯೊಬ್ಬರೂ ತಮ್ಮತಮ್ಮ ಮನೆಯ ಒಳಗೆ ಒಮ್ಮೆ ನೋಡಿಕೊಳ್ಳಬೇಕಿತ್ತು. ಹಳೆಯ ಡಬ್ಬಿಯ ಮನೆ ಒಂದಿರುವಾಗ ಆ ಕೆಲಸ ಯಾರಿಗೆ ಬೇಕು.

ಆ ವಾರವೇ ಅಳತೆ ಜಂಪರುಗಳು ಮನೆಗೆ ಮರಳಲು ಶುರುವಾದವು. ಬೈಗುಳವಿಲ್ಲ, ಜಗಳವಿಲ್ಲ. ಯಾರಾದರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಕಾಕಾ, ನಮ್ಮ ಮನೀದು ಅಳತಿ ಜಂಪರ್ ಬೇಕಾಗಿತ್ತರಿ, ಗೋಕಾಕದಾಗ ಒಂದ ಹೊಲಿಯಾಕ ಹಾಕೂದೈತಿ" ಎನ್ನುತ್ತಿದ್ದರು. ಎಲ್ಲರ ಬಾಯಲ್ಲೂ ಗೋಕಾಕ. ಅಷ್ಟೊಂದು ಹೊಲಿಗೆ ಗೋಕಾಕದ ಟೇಲರ್‌ಗಳು ಹೇಗೆ ಮುಗಿಸಿದರೋ ದೇವರೇ ಬಲ್ಲ. ಕಾಕಾ ಎದ್ದು ಕಪಾಟಿನತ್ತ ಹೋಗಿ, ಆ ಮನೆಯ ಗಂಟನ್ನು ಬಿಚ್ಚದೆ ಕೊಡುತ್ತಿದ್ದರು. ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ವ್ಯಾಪಾರಿಯ ಮನೆಯಿಂದ ಬಂದವರು ಮದುವೆಯ ಜಂಪರುಗಳನ್ನು ಅರ್ಧ ಹೊಲಿದಂತೆಯೇ ಒಯ್ದರು. ಒಂದಕ್ಕೆ ತೋಳು ಇನ್ನೂ ಕೂಡಿಸಿರಲಿಲ್ಲವಂತೆ, ಅದನ್ನು ಸೂಜಿಯಿಂದ ಹಿಡಿಸಿ ಕಳೆದುಹೋಗದ ಹಾಗೆ ಮಾಡಿ ಕೊಟ್ಟರು.

ನಾನು ದಿನಾ ಅವರ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಹೋಗಿ ಓಣಿಯವರನ್ನು ಬೈಯುತ್ತಿದ್ದೆ. ಅವರು ಕೇಳಿಸಿಕೊಂಡು, "ಬಿಡಪಾ, ಕೊಟ್ಟವ್ರು ಒಯ್ತಾರ" ಎನ್ನುತ್ತಿದ್ದರು. ನಾನು ಅಷ್ಟು ಬೈಯುವಾಗ ಅವರು ಒಮ್ಮೊಮ್ಮೆ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ನನ್ನ ಬಾಯಿ ಜೋರಾಯಿತೇನೋ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಮಳೆ ಹಿಡಿಯುವ ಮೊದಲು ಒಂದು ದಿನ ಅವರೇ ಫೋನ್ ಮಾಡಿದರು. "ಆ ಹೊಸಾ ಡಬ್ಬಿ ಇದ್ರ ತಂದ ಹಾಕಿಬಿಡಪಾ ತಮ್ಮಾ" ಎಂದರು. ತೆಗೆದುಕೊಂಡು ಹೋದೆ. ಹಳೆಯದು ಹೊಲಿಗೆ ಯಂತ್ರದ ಪಕ್ಕದ ಗೂಡಿನಲ್ಲಿತ್ತು, ಅದಕ್ಕೂ ಒಂದು ಚಂದದ ಕವಚ ಹೊಲಿದು ಹಾಕಿದ್ದರು. ಬಿಚ್ಚಿದೆ, ಹೊಸದನ್ನು ಕೂರಿಸಿದೆ, ಹಸಿರು ದೀಪ ಹತ್ತಿತು.

"ಈಗ ನನ್ನ ವಿಳಾಸ ನನಗೊಬ್ಬನಿಗೆ ಏನು?" ಎಂದು ಕೇಳಿದರು.

"ಹೌದ್ರಿ ಕಾಕಾ. ನಿಮಗೊಬ್ಬರಿಗೆ."

"ಇದನ್ನ ಮದಲ ಹಾಕಿಸ್ಕೊಂಡಿದ್ರ?"

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಆ ವೆಬ್‌ಸೈಟಿಗೆ ಹಳೇದ ಅಷ್ಟ ಗೊತ್ತಿರೂದು. ಆಗನೂ ಓಣೀದ ವಿಳಾಸನ ಬೀಳತಿತ್ತು. ಆದ್ರ ನಿಮ್ಮದೊಂದ ಅಂತ ಬೆರಳ ಮಾಡಾಕ ಮಂದಿಗೆ ಬರತಿರಲಿಲ್ಲ."

ಅವರು ತಲೆಯಾಡಿಸಿದರು. ನಾನು ವೈರು ಸುತ್ತುತ್ತ ಕಪಾಟಿನತ್ತ ನೋಡಿದೆ. ಅದರ ಬಾಗಿಲು ಪೂರ್ತಿ ತೆರೆದಿತ್ತು. ಗಂಡಸರ ಎದುರು ಎಂದೂ ತೆರೆಯದ ಕಪಾಟು. ಒಳಗೆ ಒಂದು ಗಂಟೂ ಇರಲಿಲ್ಲ.

"ನಮ್ಮ ಮನೀದರ ಇರಬೇಕಲ್ರಿ" ಎಂದೆ.

ಕಾಕಾ ಕತ್ತರಿಯನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. "ನಿನಗ ಗೊತ್ತಿಲ್ಲೇನು? ನಿಮ್ಮ ಮನ್ಯಾಗಿಂದ ಎಲ್ಲಾರಕಿಂತ ಮದಲ ಒಯ್ದಾರಪಾ. ನಾ ಠಾಣೆಯಿಂದ ಬಂದ ಮರುದಿನಾನ."

ನನ್ನ ಕೈಯಲ್ಲಿದ್ದ ವೈರು ಹಾಗೇ ಉಳಿಯಿತು.

"ನೀ ಕಳಿಸಿರಬೇಕಂತ ತಿಳ್ಕೊಂಡಿದ್ದೆ" ಎಂದರು. "ಓಣ್ಯಾವರೂ ಹಂಗ ತಿಳ್ಕೊಂಡ್ರು. ಕೇಬಲ್‌ನವರಿಗೆ ಒಳಗಿನದು ಗೊತ್ತಿರತೈತಿ, ಅವರ ಮನಿಯವ್ರ ಒಯ್ದ ಮ್ಯಾಲ ಖರೆ ಇರಬೇಕು ಅಂತ. ಆಮ್ಯಾಲೆ ಒಬ್ಬೊಬ್ಬರ ಬಂದ್ರು."

ನಾನು ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಜಂಪರ್ ಎಲ್ಲಿ ಎಂದು ಕೇಳಿದೆ. ಅವಳಿಗೆ ತಕ್ಷಣ ತಿಳಿಯಿತು. ಕೈಯ ಹಿಟ್ಟು ಝಾಡಿಸಿ, ಟ್ರಂಕು ತೆರೆದು, ಕಾಕಾ ಸುತ್ತಿಕೊಟ್ಟ ಅದೇ ಬಟ್ಟೆಯ ಗಂಟನ್ನು ತಂದು ನನ್ನ ಮುಂದೆ ಇಟ್ಟಳು.

"ನಾ ಕಾಕಾನ ಮ್ಯಾಲ ಏನೂ ಅಂದಿಲ್ರಿ" ಎಂದಳು. "ಅವ್ರು ಅಂಥಾವ್ರಲ್ಲ ಅಂತ ನನಗೂ ಗೊತ್ತೈತಿ. ಪೊಲೀಸರು ಕರದಾರಂತ ಓಣಿ ತುಂಬ ಸುದ್ದಿ ಆತು. ನಾಳೆ ನಮ್ಮ ಮಗಳಿಗೆ ನೋಡಾಕ ಬಂದಾವ್ರು, ನಿಮ್ಮ ಜಂಪರ್ ಯಾರ ಹೊಲಿತಾರ ಅಂತ ಕೇಳಿದ್ರ ಏನ ಹೇಳಬೇಕಾಗಿತ್ತು ನಾ?"

ಊರನ್ನೆಲ್ಲ ಬೈದ ನನಗೆ ಅವಳನ್ನು ಬೈಯಲು ಬಾಯಿ ಬರಲಿಲ್ಲ. ಬೆಲ್ಲದ ಅಂಗಡಿಯಲ್ಲಿ ನಾನು ಗಂಟಲು ಹರಿದುಕೊಂಡು ಹೇಳುವಾಗ ಆ ಹಿರಿಯರೆಲ್ಲ ಏನು ಯೋಚಿಸುತ್ತಿದ್ದಿರಬಹುದು ಎಂದು ಆಗ ಅರ್ಥವಾಯಿತು. ಇವರ ಮನೆಯವರೇ ಒಯ್ದಿದ್ದಾರೆ, ಇವರು ಇಲ್ಲಿ ಬಂದು ಒದರುತ್ತಾರೆ.

ಮರುದಿನ ಬೆಳಗ್ಗೆ ಆ ಗಂಟನ್ನು ಮುಚ್ಚಿಕೊಳ್ಳದೆ ಕೈಯಲ್ಲಿ ಹಿಡಿದು ಓಣಿಯ ನಡುವೆ ನಡೆದು ಕಾಕಾನ ಅಂಗಡಿಗೆ ಹೋದೆ. ನೋಡಲಿ ಎಂದೇ ಹೋದೆ. ಕಾಕಾ ಗಂಟನ್ನು ನೋಡಿದರು, ಮುಟ್ಟಲಿಲ್ಲ.

"ಹೆಣ್ಣಮಕ್ಕಳ ಅಳತಿ ಗಂಡಸರ ಕೈಯಿಂದ ಇಸ್ಕೊಳ್ಳೂದಿಲ್ಲಪಾ ನಾವು, ಅದು ನಮ್ಮಪ್ಪನ ಕಾಲದಿಂದ ಬಂದದ್ದು. ನಿಮ್ಮ ಮನಿಯವ್ರು ತಾವ ತಂದ ಕೊಟ್ರ ಇಟಗೋತೇನಿ."

ಹೆಂಡತಿಗೆ ಹೇಳಿದೆ. ಕೈಮುಗಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. "ಹೋಗ್ತೀನ್ರಿ" ಎಂದಳು. ಆ ವಾರ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಕಾಕಾ ಹೊಲಿಗೆ ಯಂತ್ರವನ್ನು ಟೆಂಪೊದಲ್ಲಿ ಹಾಕಿಕೊಂಡು ಸಂಕೇಶ್ವರಕ್ಕೆ ಮಗಳ ಮನೆಗೆ ಹೋದರು. ಅಲ್ಲಿ ಈಗ ಶಾಲೆಯ ಗಂಡುಮಕ್ಕಳ ಸಮವಸ್ತ್ರ ಹೊಲಿಯುತ್ತಾರಂತೆ. ಜಂಪರು ಮುಟ್ಟುವುದಿಲ್ಲವಂತೆ.

ಆ ಹೊಲಸನ್ನು ಬರೆದವರು ಯಾರೆಂದು ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ನಮ್ಮ ಓಣಿಯವರೇ ಒಬ್ಬರು. ಬೆಳಗ್ಗೆ ಚಹಾದ ಅಂಗಡಿಯಲ್ಲಿ ನನಗೆ ಎದುರಾಗಿ "ಆರಾಮ ಅದೀರೇನ್ರಿ" ಎಂದು ಕೇಳುವವರಲ್ಲಿ ಅವರೂ ಇರಬೇಕು. ಆ ವೆಬ್‌ಸೈಟು ಈಗ ಹೊಸ ಪದ್ಧತಿಗೂ ತೆರೆದುಕೊಂಡಿದೆ. ಇವತ್ತು ಯಾರಾದರೂ ಅಲ್ಲಿ ಬರೆದರೆ ಹೊಸ ಡಬ್ಬಿಯ ಯಾವ ಮನೆಯೆಂದು ನಾನು ಕೂತಲ್ಲೇ ಹೇಳಬಲ್ಲೆ.

ಜಂಪರಿನ ಗಂಟು ನನ್ನ ಆಫೀಸಿನಲ್ಲಿದೆ, ಕಾಕಾನ ಮನೆಯಿಂದ ಬಿಚ್ಚಿ ತಂದ ಹಳೆಯ ಡಬ್ಬಿಯ ಪಕ್ಕದಲ್ಲಿ. ಹೆಂಡತಿ ಅದನ್ನು ಕೇಳಿಲ್ಲ. ಅವಳ ಜಂಪರುಗಳು ಈಗ ಗೋಕಾಕದಲ್ಲಿ ಹೊಲಿದು ಬರುತ್ತವೆ. ಪ್ರತಿ ಸಲವೂ ತೋಳು ಬಿಗಿಯಾಗುತ್ತದೆ, ಕನ್ನಡಿಯ ಮುಂದೆ ನಿಂತು ತೋಳನ್ನು ಕೆಳಗೆಳೆದುಕೊಳ್ಳುತ್ತಾಳೆ. ನಾನು ಬಾಗಿಲಲ್ಲಿ ನಿಂತಿರುವುದು ಕಂಡರೆ ಎಳೆಯುವುದನ್ನು ನಿಲ್ಲಿಸುತ್ತಾಳೆ.